ಕಲ್ಪನೆಯ ಲೋಹವನ್ನು ಸವಿಯುವುದು ಹೇಗೆ?

ಫ್ಯಾಂಟಸಿ ಕಾದಂಬರಿಗಳಿಗೆ ಹೊಸಬರಾದವರು ಮಾಯಾಲೋಹ ಎದುರಾದೊಡನೆ ಅದರ ಶಕ್ತಿಯನ್ನಷ್ಟೇ ಅಳೆಯುತ್ತಾರೆ: ಎಷ್ಟು ಗಟ್ಟಿ, ಎಷ್ಟು ಹಗುರ. ಅಲ್ಲಿಗೆ ನಿಲ್ಲಬೇಡಿ. ಅದು ಕೆಲಸಗಾರನನ್ನು ಎಷ್ಟು ಸತಾಯಿಸುತ್ತದೆ ಅನ್ನುವುದನ್ನು ನೋಡಿ. ರುಚಿ ಇರುವುದು ಅಲ್ಲಿ.

ಇದನ್ನು ಕಲಿಯುವುದಕ್ಕೆ ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದಂಥ ಜಾಗ ಇನ್ನೊಂದಿಲ್ಲ. ಟೈಟೇನಿಯಂ ಕಡೆಯುವ ಸಿಎನ್‌ಸಿ ಯಂತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಘನ ಸೆಂಟಿಮೀಟರಿಗೆ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಇದು 4.5. ಹಗುರವೇನೋ ಹೌದು, ಆದರೆ ಶಾಖವನ್ನು ಬೇಗ ಹರಿಯಗೊಡುವುದಿಲ್ಲ; ಕಾವೆಲ್ಲ ಟೂಲಿನ ತುದಿಯಲ್ಲೇ ಕೂರುತ್ತದೆ. ಆಪರೇಟರ್ ಸ್ಪೀಡ್ ಇಳಿಸುತ್ತಾನೆ, ಕೂಲಂಟನ್ನು ಧಾರೆಯಾಗಿ ಬಿಡುತ್ತಾನೆ, ಸವೆದ ಇನ್ಸರ್ಟ್ ಬದಲಿಸುತ್ತಾನೆ. ತೆಳು ಚಿಪ್ಸ್ ಹೊತ್ತಿಕೊಳ್ಳುವ ಭಯ ಬೇರೆ. ಇಸ್ರೋ ಉಪಗ್ರಹಗಳ ಇಂಧನ ಟ್ಯಾಂಕುಗಳಾಗುವುದು ಇಂಥ ಹಟಮಾರಿ ಮಿಶ್ರಲೋಹವೇ.

ಇಷ್ಟು ಕಂಡ ಮೇಲೆ ಟೋಲ್ಕಿನ್ನರ ಮಿಥ್ರಿಲ್ ಬೇರೆಯಾಗಿಯೇ ಕಾಣುತ್ತದೆ. ಕಥಾನಾಯಕ ಫ್ರೋಡೋ ತೊಟ್ಟ ಮಿಥ್ರಿಲ್ ಅಂಗಿ ಈಟಿಯನ್ನು ತಡೆಯುತ್ತದೆ, ನಿಜ. ಆದರೆ ಮೈಮೇಲೆ ಪೆಟ್ಟಿನ ಕಪ್ಪು ಗುರುತು ಉಳಿಯುತ್ತದೆ. ಆ ಗುರುತನ್ನು ಬರೆದದ್ದರಲ್ಲೇ ಲೇಖಕನ ಕಸುಬುದಾರಿಕೆ ಇದೆ. ಇನ್ನು ಆ ಲೋಹದ ಆಸೆಗೆ ಮೋರಿಯಾದ ಕುಬ್ಜರು ಅತಿ ಆಳಕ್ಕೆ ಅಗೆದು ಬಾಲ್ರಾಗ್ ಎಂಬ ಬೆಂಕಿಯ ರಾಕ್ಷಸನನ್ನು ಎಬ್ಬಿಸಿಬಿಟ್ಟರು. ಗಣಿಗೂ ಬೆಲೆ ತೆರಬೇಕಾಯಿತು. ಮುಟ್ಟಿದ ಕೂಡಲೇ ಕಬ್ಬಿಣ ಚಿನ್ನವಾಗುವ ಪರುಷಮಣಿಯ ಕತೆಗಳು ನನಗೆ ಇಷ್ಟು ಹಿಡಿಸದಿರಲು ಕಾರಣ ಇದೇ: ಅಲ್ಲಿ ಕುಲುಮೆಯೇ ಇಲ್ಲ.

ಕುಲುಮೆ ನಮ್ಮಲ್ಲಿ ನಿಜವಾಗಿಯೂ ಇತ್ತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಮೂಸೆ ಉಕ್ಕು ಮಾಡಿದ ಕುರುಹುಗಳು ಸಿಕ್ಕಿವೆ. ದಕ್ಷಿಣದ ಈ ಕಸುಬಿನಲ್ಲಿ ಕಬ್ಬಿಣವನ್ನೂ ಸಸ್ಯದ ಚೂರುಗಳನ್ನೂ ಮಣ್ಣಿನ ಮೂಸೆಯೊಳಗೆ ಮುಚ್ಚಿ, ತಾಸುಗಟ್ಟಲೆ ಕಾಯಿಸಿ, ನಿಧಾನವಾಗಿ ಆರಿಸುತ್ತಿದ್ದರು. ಅಂಥ ಉಕ್ಕಿನ ಅಲಗಿನ ಮೇಲೆ ನೀರಿನ ಅಲೆಯಂತೆ ಗೆರೆಗಳು ಮೂಡುತ್ತಿದ್ದವು. ಬಡಿಯುವಾಗ ಕಾವು ಮೀರಿದರೆ ಗಟ್ಟಿಯೇ ಪುಡಿಯಾಗುತ್ತಿತ್ತು.

ಇದೇ ಅಲೆಯ ಗೆರೆಗಳು ಜಾರ್ಜ್ ಆರ್. ಆರ್. ಮಾರ್ಟಿನ್ನರ ವಲೇರಿಯನ್ ಉಕ್ಕಿನಲ್ಲೂ ಇವೆ. ಅದನ್ನು ಹೊಸದಾಗಿ ಮಾಡುವ ವಿದ್ಯೆ ಅಲ್ಲಿ ಕಳೆದುಹೋಗಿದೆ, ಹಳೆಯದನ್ನೇ ಮರುಬಡಿಯಬೇಕು. ಸ್ಟಾರ್ಕ್ ಮನೆತನದ ಹಿರಿಗತ್ತಿಯಿಂದ ಎರಡು ಕತ್ತಿ ಮಾಡಿದ ಕಮ್ಮಾರ ಟೋಬೋ ಮಾಟ್‌ಗೆ ಅದಕ್ಕೆ ಕೆಂಪು ಬಣ್ಣ ಹಿಡಿಸುವುದೇ ದೊಡ್ಡ ಪಾಡಾಗುತ್ತದೆ. ಎಷ್ಟು ಹೆಣಗಿದರೂ ಬೂದು ಪೂರ್ತಿ ಹೋಗುವುದಿಲ್ಲ. ಆ ಪುಟವನ್ನು ಎರಡು ಸಲ ಓದಿ.