ಸಬರ್‌ಗೆ ಇನ್ನೊಂದು ಅರ್ಥ

ಈಚೆಗೆ ಒಂದು ಕಥಾ ಕಮ್ಮಟದಲ್ಲಿ ಬಿ.ಎ. ಓದುತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಎಷ್ಟು ವರ್ಷ ಬರೆದರೆ ಬಾನು ಮೇಡಂ ತರಹ ಆಗಬಹುದು ಸರ್?" ಎಲ್ಲರೂ ನಕ್ಕರು. ನಾನು ದೊಡ್ಡವನಂತೆ, "ಬರವಣಿಗೆಗೆ ಸಬರ್ ಬೇಕಮ್ಮಾ" ಎಂದೆ. ಆಕೆ ಮೆಲ್ಲಗೆ, "ಮನೆಯಲ್ಲೂ ಅದನ್ನೇ ಹೇಳ್ತಾರೆ ಸರ್" ಎಂದು ಕುಳಿತುಬಿಟ್ಟಳು. ಈ ಸಲ ಯಾರೂ ನಗಲಿಲ್ಲ.

ಆ ಮಾತು ನನ್ನನ್ನು ಬಾನು ಮುಷ್ತಾಕರ ಕಥೆಗಳಿಗೆ ಮತ್ತೆ ಕರೆದೊಯ್ದಿತು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಸಬರ್ ಎಂದರೆ ಬಾಯಿ ಮುಚ್ಚಿಕೊಂಡು ಸಹಿಸುವುದು. ಆದರೆ ಆ ಅರಬ್ಬಿ ಪದದಲ್ಲಿ ತಡೆದುಕೊಳ್ಳುವುದರ ಜೊತೆಗೆ ಕದಲದೆ ನಿಲ್ಲುವ ಅರ್ಥವೂ ಇದೆ. ಕನ್ನಡದಲ್ಲಾದರೆ ಮೊದಲನೆಯದು ತಾಳ್ಮೆ, ಎರಡನೆಯದು ಛಲ. ಸೃಜನಶೀಲ ದುಡಿಮೆ ಮನುಷ್ಯರನ್ನು ಬೆಳೆಸುತ್ತದೆ ಎಂದರೆ, ಮೊದಲ ಅರ್ಥದಿಂದ ಎರಡನೆಯ ಅರ್ಥಕ್ಕೆ ದಾಟಿಸುತ್ತದೆ ಎಂದೇ ನಾನು ತಿಳಿಯುತ್ತೇನೆ.

2025ರ ಮೇ 20ರಂದು 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಬಾನು ಅವರಿಗೆ 77 ವರ್ಷ. ಕನ್ನಡ ಕೃತಿಗೆ, ಹಾಗೆಯೇ ಸಣ್ಣಕಥೆಗಳ ಸಂಕಲನಕ್ಕೆ, ಆ ಪ್ರಶಸ್ತಿ ದೊರೆತದ್ದು ಅದೇ ಮೊದಲು. ದೀಪಾ ಭಾಸ್ತಿ ಆರಿಸಿ ಅನುವಾದಿಸಿದ ಅದರ 12 ಕಥೆಗಳು ಬೆಳಕು ಕಂಡದ್ದು 1990ರಿಂದ 2023ರ ನಡುವೆ. ದಖನಿ ಮನೆಮಾತಿನ ಈ ಹುಡುಗಿಯನ್ನು ಎಂಟನೆಯ ವಯಸ್ಸಿಗೆ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರಿಸಿಕೊಳ್ಳುವಾಗ, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂದು ಷರತ್ತು ಹಾಕಿದ್ದರು. ಕೆಲವೇ ದಿನಗಳಲ್ಲಿ ಆಕೆ ಬರೆಯತೊಡಗಿದಳು. ಮುಂದೆ ಸಂಸಾರ, ವರದಿಗಾರಿಕೆ, ಹಾಸನದ ನಗರಸಭೆ, ವಕೀಲಿ. ಬರವಣಿಗೆಗಾಗಿ ಪ್ರತ್ಯೇಕ ಕೋಣೆ, ಪ್ರತ್ಯೇಕ ಕಾಲ ದೊರೆಯುವ ಬದುಕಲ್ಲ ಅದು.

'ಎದೆಯ ಹಣತೆ' ಕಥೆಯನ್ನೇ ನೋಡೋಣ. ಗಂಡ ಬೇರೊಬ್ಬಳ ಹಿಂದೆ ಹೋದಾಗ ಮೆಹರುನ್ ಹಸುಗೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರಿಗೆ ತಂಗಿಯ ಕಣ್ಣೀರಿಗಿಂತ ಮನೆತನದ ಮರ್ಯಾದೆ ದೊಡ್ಡದಾಗಿ ಕಾಣುತ್ತದೆ. ಅವಳನ್ನು ಮತ್ತೆ ಅದೇ ಮನೆಗೆ ಮುಟ್ಟಿಸಿ ಬರುತ್ತಾರೆ. ಪದ ಯಾವುದೇ ಇರಲಿ, ಅವರು ಅವಳಿಂದ ಕೇಳುವುದು ಮೊದಲ ಅರ್ಥದ ಸಬರನ್ನೇ. ಆ ಸಬರ್ ಅವಳನ್ನು ತಂದು ನಿಲ್ಲಿಸುವುದು ಸೀಮೆಎಣ್ಣೆಯ ಮುಂದೆ. ಆಗ ಕೂಸನ್ನೆತ್ತಿಕೊಂಡು ಓಡಿಬರುವ ಮಗಳು ಸಲ್ಮಾ ತಾಯಿಯನ್ನು ಹಿಡಿದು ನಿಲ್ಲಿಸುತ್ತಾಳೆ.

ತಾವೂ ಒಮ್ಮೆ, ಬಾಣಂತನದ ಖಿನ್ನತೆಯಲ್ಲಿ, ಇಂಥದೇ ಅಂಚಿಗೆ ಹೋಗಿದ್ದನ್ನು ಲೇಖಕಿ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಅಂದು ಬೆಂಕಿಪೊಟ್ಟಣ ಕಸಿದುಕೊಂಡು, ಮಗುವನ್ನು ಅವರ ಕಾಲ ಬಳಿ ಇಟ್ಟು ಬೇಡಿಕೊಂಡವರು ಪತಿ. ಕಥೆಯಲ್ಲಿ ಆ ಕೈ ಮಗಳದಾಗಿದೆ. ವಿಮರ್ಶೆ ಗಮನಿಸಬೇಕಾದ ಜಾಗ ಇದು. ಬದುಕಿನಲ್ಲಿ ನಡೆದದ್ದನ್ನು ಹಾಗೆಯೇ ಬರೆದಿದ್ದರೆ ಅದೊಂದು ಆತ್ಮಕಥೆಯ ಪುಟವಾಗುತ್ತಿತ್ತು. ಲೇಖಕಿ ತಮ್ಮ ಅದೃಷ್ಟವನ್ನು ಮೆಹರುನ್‌ಗೆ ಕೊಡಲಿಲ್ಲ. ಅಂಥ ಗಂಡನಿಲ್ಲದ ಹೆಣ್ಣನ್ನು ಯಾರು ಉಳಿಸುತ್ತಾರೆ ಎಂದು ಕೇಳಿಕೊಂಡರು. ಉತ್ತರವಾಗಿ ಇನ್ನೊಂದು ಹೆಣ್ಣು ಬಂದಳು. 'ನನ್ನ ನೋವು' ಎಂಬುದು 'ಅವಳ ನೋವು' ಆಗುವ ಈ ನಡಿಗೆಯನ್ನೇ ನಾನು ಬೆಳವಣಿಗೆ ಎನ್ನುತ್ತೇನೆ.

ಎಲ್ಲ ಕಥೆಗಳೂ ಇಷ್ಟು ದೂರ ಬರುತ್ತವೆಯೇ? ಇಲ್ಲ. 'ಒಮ್ಮೆ ಹೆಣ್ಣಾಗು ಪ್ರಭುವೇ' ಕಥೆಯಲ್ಲಿ ಹೆಣ್ಣೊಬ್ಬಳು ನೇರವಾಗಿ ದೇವರನ್ನೇ ಪ್ರಶ್ನಿಸುತ್ತಾಳೆ. ಅದರ ಧೈರ್ಯಕ್ಕೆ ತಲೆಬಾಗಿಯೂ ಹೇಳಬೇಕು: ಅಲ್ಲಿ ದನಿ ಒಂದೇ, ಎದುರು ನಿಂತು ಮಾತಾಡುವವರಿಲ್ಲ. 'ಕರಿ ನಾಗರಗಳು' ಕಥೆಯ ಮುತವಲ್ಲಿಯೂ ಬಹುಮಟ್ಟಿಗೆ ಒಂದೇ ಬಣ್ಣದವನು. ಆದರೆ ಸಾಮೂಹಿಕ ಸುನ್ನತಿಯ ಕಥೆ 'ಕೆಂಪು ಲುಂಗಿ'ಯಲ್ಲಿ ಸಿಟ್ಟು ನಗುವಿನೊಳಗೆ ಅಡಗಿದೆ. ಬಡ ಹುಡುಗನ ಗಾಯ ಬೂದಿಗೇ ಒಣಗಿದರೆ, ಡಾಕ್ಟರ ಕೈಯಲ್ಲಿ ಮಾಡಿಸಿಕೊಂಡ ಸಿರಿವಂತರ ಮಗನದು ಕೀವಾಗುತ್ತದೆ. ಕಫನ್ ಬಟ್ಟೆಯ ಕಥೆ ಇನ್ನೂ ಮುಂದೆ ಹೋಗುತ್ತದೆ. ಕೂಲಿನಾಲಿಯ ದುಡ್ಡು ಕೂಡಿಟ್ಟು, ಝಮ್‌ಝಮ್ ನೀರಿನಲ್ಲಿ ಅದ್ದಿದ ಕಫನ್ ತರಲು ಬೇಡಿಕೊಂಡ ಯಾಸೀನ್ ಬುವಾಳನ್ನು ಹಜ್‌ಗೆ ಹೋದ ಶಾಝಿಯಾ ಮರೆತೇಬಿಡುತ್ತಾಳೆ. ಇಲ್ಲಿ ತಪ್ಪಿತಸ್ಥಳು ನಮ್ಮ ನಿಮ್ಮಂಥ ಅನುಕೂಲಸ್ಥರ ಮನೆಯ ಹೆಣ್ಣು. ಪರರ ಕಡೆ ಬೆರಳು ಮಾಡುವುದು ಸುಲಭ. ತನ್ನ ಅಂಗಳದಲ್ಲೇ ತಪ್ಪನ್ನು ಕಾಣಲು ಬಹಳ ಬರೆದಿರಬೇಕು. ಇವುಗಳಲ್ಲಿ ಯಾವುದು ಮೊದಲಿನದು, ಯಾವುದು ಆಮೇಲಿನದು ಎಂಬ ಲೆಕ್ಕ ಬೇಡ. ಬರಹಗಾರರ ಬೆಳವಣಿಗೆ ಮೆಟ್ಟಿಲು ಹತ್ತಿದಂತೆ ಅಲ್ಲ, ಬಾವಿ ತೋಡಿದಂತೆ. ಒಂದು ದಿನ ನೀರು, ಮರುದಿನ ಬಂಡೆ.

ಈ ದುಡಿಮೆಗೆ ತೆತ್ತ ಬೆಲೆಯನ್ನೂ ನೆನೆಯಬೇಕು. ಮಸೀದಿ ಪ್ರವೇಶ ಮುಸ್ಲಿಂ ಹೆಣ್ಣುಮಕ್ಕಳ ಹಕ್ಕು ಎಂದು ವಾದಿಸಿದ್ದಕ್ಕೆ 2000ದಲ್ಲಿ ಬಾನು ಮತ್ತು ಅವರ ಕುಟುಂಬ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ ಅನುಭವಿಸಿತು. ಇಂದು ಅವರ ಹೆಸರಿನಲ್ಲಿ ಮಿಠಾಯಿ ಹಂಚುವ ನಮ್ಮಲ್ಲಿ ಎಷ್ಟು ಜನ ಅಂದು ಆ ಮನೆಯ ಬಾಗಿಲು ತಟ್ಟಿದ್ದೆವು?

ನಾನು ಈ ಪ್ರಶ್ನೆಯಿಂದ ಹೊರಗಿಲ್ಲ. ಹಿಂದೊಮ್ಮೆ ನನ್ನ ಕಥೆಯೊಂದರ ಬಗ್ಗೆ ಮೊಹಲ್ಲಾದಲ್ಲಿ ಗುಸುಗುಸು ಎದ್ದಾಗ ಎರಡು ವರ್ಷ ಪೆನ್ನು ಮುಟ್ಟಿರಲಿಲ್ಲ. ಸಮಯ ಬರಲಿ ಎಂದು ಸಬರ್ ಮಾಡುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ಸಬರ್ ಆಗಿರಲಿಲ್ಲ, ಹೆದರಿಕೆಯಾಗಿತ್ತು. ಮತ್ತೆ ಕೂತಾಗ ಮೊದಲ ವಾಕ್ಯ ಹುಟ್ಟಲು ಒಂದು ತಿಂಗಳು ಹಿಡಿಯಿತು.

ಕಮ್ಮಟ ಮುಗಿದ ಮೇಲೆ ಆ ಹುಡುಗಿಯನ್ನು ಹುಡುಕಿ ಮಾತಾಡಿಸಿದೆ. "ನಾನು ಹೇಳಿದ್ದು ಆ ಸಬರ್ ಅಲ್ಲಮ್ಮಾ" ಎಂದೆ. "ಮತ್ತೆ ಯಾವುದು ಸರ್?" ಎಂದಳು. ಸರಿಯಾಗಿ ಹೇಳಲು ಅಂದು ನನ್ನಿಂದ ಆಗಲಿಲ್ಲ. ಈ ಲೇಖನ ಅವಳ ಕಣ್ಣಿಗೆ ಬೀಳಲಿ. ಎಷ್ಟು ವರ್ಷ ಎಂದು ಎಣಿಸುವುದು ಬೇಡ. ಅವಳು ಬರೆದದ್ದರಲ್ಲಿ ಅವಳಲ್ಲದ ಇನ್ನೊಬ್ಬಳ ದನಿ ಯಾವತ್ತು ಕೇಳಿಸುತ್ತದೋ, ಅಂದು ಕಮ್ಮಟದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅವಳಿಗೇ ಸಿಕ್ಕಿರುತ್ತದೆ.