ಗಂಟೆಯ ಲೆಕ್ಕವೂ ಮಗುವಿನ ನುಡಿಯೂ

ಆಟಿಸಂ ಎಂದು ಹೆಸರಾದ ಸ್ವಲೀನತೆಯ ಮಕ್ಕಳಿಗೆ ಚಿಕಿತ್ಸೆಯ ಗಂಟೆಗಳು ಹೆಚ್ಚಿದಷ್ಟೂ ಮಾತು ಬೇಗ ಬರುವುದೆಂಬ ನಂಬಿಕೆ ದೆಹಲಿ, ನೋಯಿಡಾ, ಗುರುಗ್ರಾಮಗಳ ತಂದೆತಾಯಿಗಳಲ್ಲಿ ಕಾಣಬರುತ್ತದೆ. ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡುವುದು ಅವಶ್ಯ.

ಇದರ ಬೇರು ಅಮೆರಿಕದ ಮನಶ್ಶಾಸ್ತ್ರಜ್ಞ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ವಾರಕ್ಕೆ 40 ಗಂಟೆ ಕಲಿಸಿದ 19 ಮಕ್ಕಳಲ್ಲಿ 9 ಮಂದಿ ಬುದ್ಧಿಮಟ್ಟದಲ್ಲಿಯೂ ಶಾಲೆಯ ಕಲಿಕೆಯಲ್ಲಿಯೂ ಸಾಮಾನ್ಯ ಮಕ್ಕಳ ಸಾಲಿಗೆ ಬಂದರೆಂದು ಅದು ಸಾರಿತು. ಮಕ್ಕಳನ್ನು ಚೀಟಿ ಎತ್ತಿದಂತೆ ನಿಷ್ಪಕ್ಷಪಾತವಾಗಿ ಗುಂಪುಗಳಿಗೆ ಹಂಚಿರಲಿಲ್ಲವೆಂಬ ಕೊರತೆ ಜನರ ನೆನಪಿನಿಂದ ಜಾರಿತು. 40 ಎಂಬ ಸಂಖ್ಯೆ ಉಳಿಯಿತು.

ಈಚಿನ ಪರೀಕ್ಷೆಗಳು ಆ ಸಂಖ್ಯೆಗೆ ಬೆಂಬಲ ನೀಡುವುದಿಲ್ಲ. 2021ರಲ್ಲಿ ರೋಜರ್ಸ್ ಮತ್ತು ಸಂಗಡಿಗರು 87 ಎಳೆಯ ಮಕ್ಕಳಲ್ಲಿ ವಾರಕ್ಕೆ 15 ಗಂಟೆಯ ಹಾಗೂ 25 ಗಂಟೆಯ ಚಿಕಿತ್ಸೆಗಳನ್ನು ವರ್ಷಕಾಲ ಹೋಲಿಸಿದರು. ಒಟ್ಟು ಫಲದಲ್ಲಿ ಅಂತರ ಕಾಣಲಿಲ್ಲ. ನೂರಕ್ಕೂ ಮಿಕ್ಕ ಅಧ್ಯಯನಗಳನ್ನು 2024ರಲ್ಲಿ ಪರಿಶೀಲಿಸಿದ ಸ್ಯಾಂಡ್‌ಬ್ಯಾಂಕ್ ಮೊದಲಾದವರೂ, ಪ್ರಮಾಣದೊಡನೆ ಫಲ ಏರುವುದೆಂಬುದಕ್ಕೆ ದೃಢವಾದ ಆಧಾರವನ್ನು ಕಾಣಲಿಲ್ಲ. ಇಷ್ಟರಿಂದ ಚಿಕಿತ್ಸೆಯೇ ಬೇಡವೆಂದರೆ ಅದು ಅವಿವೇಕ; ವಾರಕ್ಕೆ 15 ಗಂಟೆಯೂ ಅಲ್ಪವಲ್ಲ.

ಗೋವಾ ಮತ್ತು ರಾವಲ್ಪಿಂಡಿಗಳಲ್ಲಿ ನಡೆದು 2016ರಲ್ಲಿ ಅಚ್ಚಾದ ‘ಪಾಸ್’ ಪ್ರಯೋಗ ನಮ್ಮ ಸನ್ನಿವೇಶಕ್ಕೆ ಇನ್ನೂ ಹತ್ತಿರ. ಅದರಲ್ಲಿ 2ರಿಂದ 9 ವರ್ಷದ 65 ಮಕ್ಕಳಿದ್ದರು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು, ಮಗುವಿನ ಸನ್ನೆಯನ್ನು ಗುರುತಿಸಿ ತಕ್ಕಂತೆ ಸ್ಪಂದಿಸುವುದನ್ನು ತಂದೆತಾಯಿಗಳಿಗೆ ಕಲಿಸಿದರು. ಇದಕ್ಕೆ ಗೊತ್ತುಮಾಡಿದ್ದು 12 ಭೇಟಿಗಳು ಮಾತ್ರ. ಮಕ್ಕಳು ತಾವಾಗಿಯೇ ಸಂವಹನಕ್ಕೆ ತೊಡಗುವುದು ಹೆಚ್ಚಿತು. ಆದರೆ ಇಬ್ಬರೂ ಒಂದೇ ವಸ್ತುವಿನಲ್ಲಿ ಗಮನವಿಡುವ ಅವಧಿ ಕುಗ್ಗಿತೆಂಬುದನ್ನೂ ವರದಿ ಮುಚ್ಚಿಡಲಿಲ್ಲ. ಈ ಪ್ರಾಮಾಣಿಕತೆಯೇ ಅದರ ಬೆಲೆಯನ್ನು ಹೆಚ್ಚಿಸಿದೆ.

ಚಿಕಿತ್ಸಾಲಯದ ಗಂಟೆಗಳನ್ನು ಎಣಿಸಬಹುದು. ಉಣಿಸುವಾಗ, ಮೀಯಿಸುವಾಗ, ತಾಯಿ ‘ಕೊಡು ಪುಟ್ಟಾ’ ಎಂದು ಕೈಚಾಚಿ ಕಾಯುವ ಗಳಿಗೆಗಳಿಗೆ ಲೆಕ್ಕವಿಲ್ಲ. ದೆಹಲಿಯ ಕನ್ನಡ ಮನೆಗಳಲ್ಲಿ ಆ ಗಳಿಗೆಗಳ ಭಾಷೆ ಕನ್ನಡ. ಚಿಕಿತ್ಸೆ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ನಡೆಯುವುದರಿಂದ ಮನೆಮಾತನ್ನು ಬಿಡಿರೆಂಬ ಸಲಹೆ ಇಂಥ ಕುಟುಂಬಗಳಿಗೆ ದೊರೆಯುವುದುಂಟು. ಎರಡು ಭಾಷೆಗಳ ನಡುವೆ ಬೆಳೆದ ಸ್ವಲೀನ ಮಕ್ಕಳ ನುಡಿ ಅದರಿಂದಲೇ ಹಿಂದೆ ಬೀಳುವುದಿಲ್ಲವೆಂದು ಹಲವು ಅಧ್ಯಯನಗಳು ತಿಳಿಸಿರುವಾಗ, ಆ ಸಲಹೆಗೆ ನೆಲೆಯಿಲ್ಲ. ಅದನ್ನು ಪಾಲಿಸಿದರೆ ತಾಯಿ ತನಗೆ ಸಹಜವಲ್ಲದ ಭಾಷೆಯಲ್ಲಿ ತಡವರಿಸುತ್ತಾಳೆ, ಅಜ್ಜಿ ಮೌನಿಯಾಗುತ್ತಾಳೆ. ಕೆಲವು ಗಂಟೆಗಳ ಲಾಭಕ್ಕೆಂದು ದಿನವಿಡೀ ದೊರೆಯಬಹುದಾದ ಸ್ಪಂದನವೇ ಬಡವಾಗುತ್ತದೆ.

ಆದುದರಿಂದ ಚಿಕಿತ್ಸೆಯನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ವಾರಕ್ಕೆ ಎಷ್ಟು ಗಂಟೆ ಎಂಬುದಲ್ಲ. ಮನೆಯವರಿಗೆ ಏನನ್ನು, ಯಾವ ಭಾಷೆಯಲ್ಲಿ ಬಳಸಲು ಕಲಿಸುವರು ಎಂಬುದು.