ಕಾರ್ಸನ್ ಕಾಲದ ಒಗ್ಗಟ್ಟು, ಕೋಲ್ಬರ್ಟ್ ತೊಟ್ಟ ವೇಷ

ಅಮೆರಿಕದ ತಡರಾತ್ರಿಯ ಟೀವಿ ಹಾಸ್ಯದ ಬಗ್ಗೆ ಒಂದು ತೀರ್ಪು ಈಗ ಎಲ್ಲರ ಬಾಯಲ್ಲೂ ಸಲೀಸಾಗಿ ಓಡಾಡುತ್ತಿದೆ. ಜಾನಿ ಕಾರ್ಸನ್ ಇಡೀ ದೇಶವನ್ನು ಒಟ್ಟಿಗೆ ಕೂರಿಸಿ ನಗಿಸಿದ, ಜಾನ್ ಸ್ಟುವರ್ಟ್ ಮತ್ತು ಅವನ ಗರಡಿಯಲ್ಲಿ ಪಳಗಿದವರು ಅದೇ ದೇಶವನ್ನು ಎರಡು ಹೋಳು ಮಾಡಿದರು ಎಂಬುದು ಆ ತೀರ್ಪು. 2017ರಲ್ಲಿ 'ದಿ ಅಟ್ಲಾಂಟಿಕ್' ಪತ್ರಿಕೆಯ ಕೇಟ್ಲಿನ್ ಫ್ಲನಗನ್, ಟ್ರಂಪ್ ಏಳಿಗೆಗೆ ಈ ಹಾಸ್ಯಗಾರರೂ ಕಾರಣರೆಂದು ಬರೆದ ಮೇಲಂತೂ ಇದನ್ನು ಪ್ರಶ್ನಿಸುವವರೇ ಕಡಿಮೆಯಾದರು. ನನಗೆ ಇದು ಒಪ್ಪಿಗೆಯಿಲ್ಲ. ಚರಿತ್ರೆಯನ್ನು ಮರೆತದ್ದಷ್ಟೇ ಈ ತೀರ್ಪಿನ ದೋಷವಲ್ಲ. ನಮ್ಮ ಕಾಲದ ಅತ್ಯುತ್ತಮ ವಿಡಂಬನೆಯನ್ನು ಅದು ಕಣ್ಣೆತ್ತಿಯೂ ನೋಡಿಲ್ಲ.

ಮೊದಲು ಆ ಒಗ್ಗಟ್ಟಿನ ವಿಚಾರ. ಕಾರ್ಸನ್ 1962ರಿಂದ 1992ರವರೆಗೆ 'ಟುನೈಟ್ ಶೋ' ನಡೆಸಿದ. ಅವನ ವಿದಾಯದ ರಾತ್ರಿ ಸುಮಾರು 5 ಕೋಟಿ ಜನ ಟೀವಿ ಮುಂದಿದ್ದರು. ಆದರೆ ಆ ಮೂರು ದಶಕಗಳ ಬಹುಭಾಗ ಅಮೆರಿಕನ್ನರಿಗೆ ಇದ್ದದ್ದು ಮೂರೇ ದೊಡ್ಡ ವಾಹಿನಿಗಳು. ಬೇರೆ ದಾರಿಯಿಲ್ಲದೆ ಒಂದೆಡೆ ಸೇರಿದವರನ್ನು ಒಂದಾದವರೆಂದು ಎಣಿಸುವುದು ತಪ್ಪು. ಆ ಶಾಂತಿಯನ್ನು ಕಾಪಾಡಿದ್ದು ಕತ್ತರಿ. ವಿಯೆಟ್ನಾಂ ಯುದ್ಧವನ್ನು ಕೆಣಕಿದ ಸ್ಮದರ್ಸ್ ಸಹೋದರರ ಕಾರ್ಯಕ್ರಮವನ್ನು ಸಿಬಿಎಸ್ 1969ರಲ್ಲಿ ನಿಲ್ಲಿಸಿತು. 1968ರ ಫೆಬ್ರುವರಿಯಲ್ಲಿ ಕಾರ್ಸನ್ ರಜೆಯಲ್ಲಿದ್ದಾಗ ಒಂದು ವಾರ ಅವನ ಕುರ್ಚಿಯಲ್ಲಿ ಕೂತವನು ಹ್ಯಾರಿ ಬೆಲಫಾಂಟೆ. ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಅವನ ಅತಿಥಿಗಳಾಗಿ ಬಂದರು. ದೇಶ ನಿಜವಾಗಿ ಯಾವುದಕ್ಕೆ ಹೊತ್ತಿ ಉರಿಯುತ್ತಿತ್ತೋ ಅದು ಆ ಸೋಫಾದವರೆಗೆ ಬರಲು ಕಾರ್ಸನ್ ಮನೆಯಲ್ಲಿರಬೇಕಾಯಿತು. ಇನ್ನು ಹೋಳಾದ ಕಥೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರ ದಕ್ಷಿಣದ ಬಿಳಿಯರು ಡೆಮಾಕ್ರಾಟ್ ಪಕ್ಷದಿಂದ ದೂರ ಸರಿಯುತ್ತಾ ಹೋದರು. ಪ್ರಸಾರದಲ್ಲಿ ಎರಡೂ ಕಡೆಯ ಮಾತಿಗೆ ಜಾಗ ಕೊಡಬೇಕೆಂಬ ನಿಯಮ 1987ರಲ್ಲಿ ರದ್ದಾಯಿತು. ಮರುವರ್ಷವೇ ಬಲಪಂಥೀಯ ರಶ್ ಲಿಂಬಾನ ರೇಡಿಯೋ ಕಾರ್ಯಕ್ರಮ ದೇಶವ್ಯಾಪಿಯಾಯಿತು, 1996ರಲ್ಲಿ ಫಾಕ್ಸ್ ನ್ಯೂಸ್ ಬಂತು. ಸ್ಟುವರ್ಟ್ ಸುದ್ದಿಯನ್ನು ಅಣಕಿಸುವ 'ಡೈಲಿ ಶೋ'ಗೆ ಕಾಲಿಟ್ಟದ್ದು 1999ರಲ್ಲಿ. ಬಿರುಕು ಬಿಟ್ಟ ಗೋಡೆಯನ್ನು ತೋರಿಸಿದವನ ಮೇಲೆ ಗೋಡೆ ಒಡೆದ ಅಪವಾದ ಹೊರಿಸಿದ್ದಾರೆ.

ಈ ಪರಂಪರೆಯ ನಿಜವಾದ ಸಾಧನೆ ನನ್ನ ಪ್ರಕಾರ ಸ್ಟುವರ್ಟ್‌ನದಲ್ಲ. ಅವನದು ಕೊನೆಗೂ ಉಪದೇಶಕನ ಸ್ವಭಾವ, ನಗಿಸಿ ಮುಗಿಸಿದ ಮೇಲೆ ಬುದ್ಧಿ ಹೇಳದೆ ಬಿಡುವವನಲ್ಲ. ಸಾಧನೆಯೆಂದರೆ 2005ರಿಂದ 2014ರವರೆಗೆ ನಡೆದ 'ಕೋಲ್ಬರ್ಟ್ ರಿಪೋರ್ಟ್'. ಸ್ಟೀಫನ್ ಕೋಲ್ಬರ್ಟ್ ತನ್ನ ಹೆಸರನ್ನೇ ಇಟ್ಟುಕೊಂಡ ಒಬ್ಬ ಬಲಪಂಥೀಯ ಬಾಯಿಬಡುಕನ ವೇಷ ಹಾಕಿ, ಒಂಬತ್ತು ವರ್ಷ ಅದನ್ನು ಹೆಚ್ಚುಕಡಿಮೆ ಕಳಚಲೇ ಇಲ್ಲ. 2006ರಲ್ಲಿ ಜಾರ್ಜಿಯಾದ ಸಂಸದ ಲಿನ್ ವೆಸ್ಟ್‌ಮೋರ್‌ಲ್ಯಾಂಡ್ ಸಂದರ್ಶನಕ್ಕೆ ಸಿಕ್ಕ. ಸಂಸತ್ ಭವನದಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳನ್ನು ಪ್ರದರ್ಶಿಸಬೇಕೆಂಬ ಮಸೂದೆಯನ್ನು ಸಹ-ಪ್ರಾಯೋಜಿಸಿದವನು ಅವನು. ಕೋಲ್ಬರ್ಟ್ ಅದನ್ನು ವಿರೋಧಿಸಲಿಲ್ಲ, ಆ ಹತ್ತು ಯಾವುವು ಹೇಳಿ ಎಂದು ಭಕ್ತಿಯಿಂದ ಕೇಳಿದ. ಸಂಸದ ಮೂರು ಹೇಳಿ ನಿಂತ. ಬೈಗುಳವಿಲ್ಲ, ಕೊಂಕಿಲ್ಲ. ಎದುರಾಳಿಯ ನಂಬಿಕೆಯನ್ನು ಅವನಿಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಂಡದ್ದರಿಂದ ಹುಟ್ಟಿದ ನಗೆ ಅದು. ಧರ್ಮವನ್ನು ಗೇಲಿ ಮಾಡಿದನೆಂದು ಯಾರೂ ಹೇಳುವಂತಿಲ್ಲ, ಏಕೆಂದರೆ ಧರ್ಮದ ಹೆಸರಿನ ವ್ಯಾಪಾರವಷ್ಟೇ ಅಲ್ಲಿ ಸಿಕ್ಕಿಬಿದ್ದದ್ದು.

2011ರಲ್ಲಿ ಅವನು ಮಾಡಿದ್ದು ಇನ್ನೂ ದೊಡ್ಡದು. ಚುನಾವಣೆಗೆ ಕಂಪನಿಗಳು ಮಿತಿಯಿಲ್ಲದೆ ಹಣ ಸುರಿಯಬಹುದೆಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತಿತ್ತು. ಆ ದಾರಿಯಲ್ಲೇ ನಡೆದು ಕೋಲ್ಬರ್ಟ್ ಚುನಾವಣಾ ಆಯೋಗದ ಅನುಮತಿ ಪಡೆದು 'ಸೂಪರ್ ಪ್ಯಾಕ್' ಎಂಬ ನಿಜವಾದ ಚುನಾವಣಾ ನಿಧಿ ಕಟ್ಟಿದ. ಆಯೋಗದ ಮಾಜಿ ಅಧ್ಯಕ್ಷ ಟ್ರೆವರ್ ಪಾಟರ್ ಅವನ ವಕೀಲನಾಗಿ ಕಾರ್ಯಕ್ರಮದಲ್ಲೇ ಕೂತು ಕಾನೂನಿನ ಸಂದುಗೊಂದುಗಳನ್ನು ಬಿಡಿಸಿ ಹೇಳಿದ. ವೀಕ್ಷಕರು ಕಳಿಸಿದ ಹಣ 10 ಲಕ್ಷ ಡಾಲರ್ ದಾಟಿತು. ಅಭ್ಯರ್ಥಿಯಾಗುವವನು ತನ್ನದೇ ನಿಧಿಯ ಜೊತೆ ಸಮಾಲೋಚಿಸಬಾರದು ಎಂಬ ನಿಯಮ ಅಡ್ಡ ಬಂದಾಗ, 2012ರ ಜನವರಿಯಲ್ಲಿ ಕ್ಯಾಮೆರಾದ ಮುಂದೆಯೇ ಅದನ್ನು ಗೆಳೆಯ ಸ್ಟುವರ್ಟ್ ಕೈಗೆ ದಾಟಿಸಿದ. ಅಷ್ಟರಿಂದಲೇ ಕಾನೂನಿಗೆ ತೃಪ್ತಿಯಾಗುತ್ತದೆ ಎಂಬುದನ್ನು ಜನ ಕಣ್ಣಾರೆ ಕಂಡರು. ಈ ಕಾರ್ಯಕ್ರಮ ನೋಡುತ್ತಿದ್ದವರಿಗೆ ಚುನಾವಣಾ ಹಣಕಾಸಿನ ಬಗ್ಗೆ ಸುದ್ದಿ ವಾಹಿನಿಗಳ ವೀಕ್ಷಕರಿಗಿಂತ ಹೆಚ್ಚು ತಿಳಿವಳಿಕೆ ಇತ್ತೆಂದು 2014ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅನೆನ್‌ಬರ್ಗ್ ಕೇಂದ್ರದ ಸಂಶೋಧಕರು ಕಂಡುಕೊಂಡರು. ಸಂಪಾದಕೀಯಗಳಿಂದ ಆಗದ ಕೆಲಸ ಒಂದು ವೇಷದಿಂದ ಆಯಿತು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಸಂಪ್ರದಾಯವಾದಿ ವೀಕ್ಷಕರಲ್ಲಿ ಹಲವರು ಕೋಲ್ಬರ್ಟ್ ತಮಾಷೆಯ ನೆಪದಲ್ಲಿ ತನ್ನ ಮನದ ಮಾತನ್ನೇ ಆಡುತ್ತಿದ್ದಾನೆಂದು ನಂಬಿದ್ದರು ಎಂಬುದು 2009ರ ಒಂದು ಸಂಶೋಧನೆಯಿಂದ ಗೊತ್ತಾಯಿತು. ಹಾಗಿದ್ದರೆ ವಿಡಂಬನೆ ಸೋತಿತಲ್ಲ ಎಂದು ಕೇಳುತ್ತಾರೆ. ಸೋಲು ಇದು ಅಲ್ಲವೇ ಅಲ್ಲ. ಒಂದೇ ಮಾತಿಗೆ ಎರಡು ಪಂಗಡದವರೂ ತಮ್ಮ ತಮ್ಮ ಕಾರಣಕ್ಕೆ ನಗುತ್ತಾ ಒಂದೇ ಕಾರ್ಯಕ್ರಮದ ಮುಂದೆ ಕೂತಿದ್ದರೆಂದರೆ, ದೇಶ ಒಡೆದನೆಂಬ ಆರೋಪ ಅವನ ಮೇಲೆ ನಿಲ್ಲುವುದಾದರೂ ಹೇಗೆ? ಎಲ್ಲರಿಗೂ ಒಂದೇ ಅರ್ಥ ಕೊಡುವ ಮಾತು ಬೇಕಿದ್ದರೆ ಭಾಷಣ ಕೇಳಬಹುದು. ಸಾಮಾನ್ಯ ಜನರನ್ನು ಈ ಹಾಸ್ಯ ಅವಮಾನಿಸಿತು ಎಂಬ ಎರಡನೆಯ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. 'ಡೈಲಿ ಶೋ' ತಂಡ ಊರೂರಿಗೆ ಹೋಗಿ ಅನಾಮಿಕರನ್ನು ಮಾತಾಡಿಸಿ, ಸಂಕಲನದಲ್ಲಿ ಅವರನ್ನು ಪೆದ್ದರನ್ನಾಗಿಸಿದ ತುಣುಕುಗಳು ಕ್ರೂರವಾಗಿದ್ದವು. ಕೋಲ್ಬರ್ಟ್ ತನ್ನ ಅತ್ಯುತ್ತಮ ದಿನಗಳಲ್ಲಿ ಹುಡುಕಿದ್ದು ಅಧಿಕಾರದಲ್ಲಿದ್ದವರನ್ನು. 2010ರಲ್ಲಿ ಸಂಸದೀಯ ಸಮಿತಿಯ ಮುಂದೆ ಅದೇ ವೇಷದಲ್ಲಿ ಹೋಗಿ ವಲಸೆ ಕೃಷಿ ಕಾರ್ಮಿಕರ ಪರವಾಗಿ ಸಾಕ್ಷಿ ನುಡಿದವನು ಅವನು.

2015ರಲ್ಲಿ ಸಿಬಿಎಸ್‌ನ 'ಲೇಟ್ ಶೋ'ಗೆ ಬಂದು ವೇಷ ಕಳಚಿದ ಮೇಲೆ ಅವನ ಹಾಸ್ಯ ತೆಳುವಾಯಿತು. ಟ್ರಂಪ್ ಅವನಿಗೆ ದಿನನಿತ್ಯದ ಸರಕಾದ. ಜನ ನಗುವುದಕ್ಕಿಂತ ಒಪ್ಪಿಗೆಯ ಚಪ್ಪಾಳೆ ತಟ್ಟುವುದು ಹೆಚ್ಚಾಯಿತು. ಇಲ್ಲಿಗೆ ಬಂದಾಗ ವಿಮರ್ಶಕರು ತಪ್ಪನ್ನು ರಾಜಕೀಯದಲ್ಲಿ ಹುಡುಕುತ್ತಾರೆ; ನನಗೆ ಕಾಣುವುದು ಕಲೆಯ ತಪ್ಪು. ಫಾಕ್ಸ್‌ನ ಗ್ರೆಗ್ ಗಟ್‌ಫೆಲ್ಡ್‌ಗೂ ಇದೇ ರೋಗ, ಪಕ್ಷ ಬೇರೆ ಅಷ್ಟೆ. 2016ರಲ್ಲಿ ಟ್ರಂಪ್‌ನ ತಲೆಗೂದಲು ಕೆದರಿ ನಕ್ಕ ಜಿಮ್ಮಿ ಫಾಲನ್‌ಗೆ ಯಾವ ಪಕ್ಷವೂ ಇರಲಿಲ್ಲ, ಆ ನಗೆ ಎಲ್ಲಕ್ಕಿಂತ ಪೊಳ್ಳಾಗಿತ್ತು. ಯಾರಿಗೂ ನೋವಾಗದ ಹಾಸ್ಯವೇ ಉನ್ನತ ಅಭಿರುಚಿಯೆಂದು ವಾದಿಸುವವರಿಗೆ ಬೇಕಿರುವುದು ಈ ಫಾಲನ್‌ಗಳು. ಪೇಪರಿನ ಪುಟದಲ್ಲೋ ರಂಗದ ಮೇಲೋ ವಿಡಂಬನೆ ಕಂಡಾಗ ಎರಡೂ ಕಡೆಗೆ ಸಮನಾಗಿ ಏಟು ಬಿದ್ದಿದೆಯೇ ಎಂದು ತಕ್ಕಡಿ ಹಿಡಿಯುವ ಈ ಅಭ್ಯಾಸ ಎಲ್ಲ ದೇಶಗಳಲ್ಲೂ ಬೆಳೆಯುತ್ತಿದೆ, ಅದನ್ನು ನ್ಯಾಯಪರತೆಯೆಂದು ಗೌರವಿಸಲು ನಾನು ಸಿದ್ಧನಿಲ್ಲ.

ಆ ತಕ್ಕಡಿ ಯಾರಿಗೆ ಉಪಯೋಗಕ್ಕೆ ಬರುತ್ತದೆಂಬುದು 2025ರಲ್ಲಿ ಗೊತ್ತಾಯಿತು. ಟ್ರಂಪ್ ಹೂಡಿದ್ದ ಮೊಕದ್ದಮೆಯನ್ನು ಸಿಬಿಎಸ್‌ನ ಒಡೆತನದ ಪ್ಯಾರಾಮೌಂಟ್ ಸಂಸ್ಥೆ 1.6 ಕೋಟಿ ಡಾಲರ್ ಕೊಟ್ಟು ಮುಗಿಸಿದ್ದನ್ನು ಕೋಲ್ಬರ್ಟ್ ಜುಲೈನಲ್ಲಿ ಪ್ರಸಾರದಲ್ಲೇ ಲಂಚವೆಂದು ಕರೆದ. ಅದೇ ವಾರ, 2026ರ ಮೇಗೆ 'ಲೇಟ್ ಶೋ' ಕೊನೆಗೊಳ್ಳುವುದಾಗಿ ಸಿಬಿಎಸ್ ಪ್ರಕಟಿಸಿತು. ಕಾರಣ ಹಣಕಾಸು ಮಾತ್ರ ಎಂದಿತು. ಸೆಪ್ಟೆಂಬರಿನಲ್ಲಿ ಜಿಮ್ಮಿ ಕಿಮ್ಮೆಲ್‌ನ ಒಂದು ಮಾತಿಗೆ ಪ್ರಸಾರ ನಿಯಂತ್ರಣ ಆಯೋಗದ ಅಧ್ಯಕ್ಷ ಬ್ರೆಂಡನ್ ಕಾರ್ ಪರವಾನಗಿಯ ಪ್ರಸ್ತಾಪವೆತ್ತಿ ಎಚ್ಚರಿಸಿದ, ಎಬಿಸಿ ಆ ಕಾರ್ಯಕ್ರಮವನ್ನು ಅಮಾನತಿನಲ್ಲಿಟ್ಟಿತು. ವಾರದೊಳಗೆ ಕಿಮ್ಮೆಲ್ ಮರಳಿದ್ದು ವೀಕ್ಷಕರೂ ಕಲಾವಿದರೂ ಗಟ್ಟಿಯಾಗಿ ಪ್ರತಿಭಟಿಸಿದ ನಂತರ. ಕಾರ್‌ನ ಬೆದರಿಕೆಯನ್ನು ಖಂಡಿಸಿದವರಲ್ಲಿ ಕಿಮ್ಮೆಲ್‌ನ ರಾಜಕೀಯವನ್ನು ಒಪ್ಪದ ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಜ್ ಕೂಡ ಇದ್ದ.